ಮಳೆ ಪುಸ್ತಕದ ಕೊನೆಯ ಅಂಕಿ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತಮೂರು ನಿಮಿಷ. ಕಿಟಕಿ ತೆರೆದೊಡನೆ ಕಾಫಿ ಹೂವಿನ ವಾಸನೆ ಒಳಗೆ ಬಂತು. ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮೊದಲ ಮಳೆ, ಹೂಮಳೆ, ಬಿದ್ದು ಇಂದಿಗೆ ಎಂಟನೇ ದಿನ. ಹೂವು ಲೆಕ್ಕ ತಪ್ಪಿಸಿಲ್ಲ. ಈ ವಾಸನೆ ಬಂದರೆ ಊರಿನ ಬೇರೆಯವರಿಗೆ ಏನೇನು ನೆನಪಾಗುತ್ತದೋ, ನನಗೆ ಎರಡು ವರ್ಷದ ಹಿಂದಿನ ನನ್ನ ಎಂ.ಎಸ್ಸಿ. ಪ್ರಬಂಧ ನೆನಪಾಗುತ್ತದೆ. ಅನ್ವಯಿಕ ಗಣಿತ ಎಂದು ಪರಿಚಯಿಸಿಕೊಂಡಾಗಲೆಲ್ಲ ಜನ, "ಅಂದ್ರೆ ಟೀಚರ್ ಆಗ್ತೀಯಾ?" ಎಂದು ಕೇಳಿದ್ದಾರೆ. ಮೊದಲ ವರ್ಷ ಹದಿನಾರು ಸಲ ಕೇಳಿದ್ದನ್ನು ಬರೆದಿಟ್ಟು, ಆಮೇಲೆ ಬಿಟ್ಟೆ.

ನೀವು ಕೊಡಗಿನವರಲ್ಲದಿದ್ದರೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಮಳೆಗಾಲದಲ್ಲಿ ಇಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಆರೋಗ್ಯ ವಿಚಾರಿಸುವ ಮೊದಲು, "ನಿಮ್ಮಲ್ಲಿ ಎಷ್ಟು?" ಎನ್ನುತ್ತಾರೆ. "ಒಂದು ನಲವತ್ತು" ಎಂದರೆ ಒಂದು ಇಂಚು ನಲವತ್ತು ಸೆಂಟು. ಎಸ್ಟೇಟುಗಳ ಅಂಗಳದಲ್ಲಿ ಅರ್ಧ ನೆಲದಲ್ಲಿ ಹೂತ ಒಂದು ಡಬ್ಬಿ, ಅದರೊಳಗೆ ಬಾಟಲಿ ಇರುತ್ತದೆ. ಬೆಳಗ್ಗೆ ಎಂಟಕ್ಕೆ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಗ್ಲಾಸಿಗೆ ಸುರಿದು, ಎಷ್ಟೆಂದು ನೋಡಿ, ಪುಸ್ತಕದಲ್ಲಿ ಬರೆಯುವುದು ರೈಟರ, ಅಂದರೆ ತೋಟದ ಗುಮಾಸ್ತರ, ಕೆಲಸ.

ನನ್ನ ದೊಡ್ಡಪ್ಪ ಪಾಲಿಬೆಟ್ಟದ ಕಡೆಯ ಒಂದು ತೋಟದಲ್ಲಿ ಇಪ್ಪತ್ತಾರು ವರ್ಷ ರೈಟರಾಗಿದ್ದವರು. ಈಗ ಮೂರ್ನಾಡಿನಲ್ಲಿದ್ದಾರೆ. ಹೂಮಳೆ ಬಿದ್ದ ಎಷ್ಟು ದಿನಕ್ಕೆ ಎರಡನೇ ಮಳೆ ಬರುತ್ತದೆ ಎಂಬುದನ್ನು ನಾನು ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆಂದು ಕೇಳಿ, ಅಟ್ಟದಿಂದ ಇಪ್ಪತ್ತಾರು ಪುಸ್ತಕಗಳನ್ನು ತಾವೇ ಇಳಿಸಿ, ಧೂಳು ಒರೆಸಿ ಕೊಟ್ಟರು.

"ಒಂದು ದಿವಸ ಖಾಲಿ ಇದ್ರೆ ನನ್ ಕಿವಿ ಹಿಡಿ ಮಗ," ಎಂದರು.

ಹಿಡಿಯಬೇಕಾಗಲಿಲ್ಲ. ಒಂದು ದಿನವೂ ಖಾಲಿ ಇರಲಿಲ್ಲ. ಎಲ್ಲ ಒಂದೇ ಕೈಬರಹ, ನೇರಳೆ ಬಣ್ಣಕ್ಕೆ ತಿರುಗಿದ ಶಾಯಿ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಲು ನನಗೆ ನಲವತ್ತೊಂದು ದಿನ ಹಿಡಿಯಿತು.

ನನ್ನ ಗೈಡ್ ಮೇಡಂ ಮೊದಲ ಪುಟ ನೋಡಿದರು, ಎರಡನೇ ಪುಟ ನೋಡಿದರು, ಕನ್ನಡಕ ತೆಗೆದರು. "ನಿಮ್ಮ ದೊಡ್ಡಪ್ಪನಿಗೆ ಸೊನ್ನೆ, ಐದು ಬಿಟ್ಟು ಬೇರೆ ಅಂಕಿ ಬರೋದಿಲ್ವೇನಮ್ಮ?"

ನೋಡಿದರೆ ನಿಜ. ಮೂವತ್ತು ಸೆಂಟು, ಎಂಬತ್ತೈದು ಸೆಂಟು, ಒಂದು ಹತ್ತು. ಮಳೆಗೆ ಸೊನ್ನೆ, ಐದರ ಮೇಲೆ ವಿಶೇಷ ಪ್ರೀತಿ ಇರುವುದಿಲ್ಲ.

"ಓದಿ ಹತ್ತಿರದ ಐದಕ್ಕೆ ನಿಲ್ಲಿಸಿದ್ದಾರೋ, ಮನೆಯಲ್ಲಿ ಕೂತು ಬರೆದಿದ್ದಾರೋ? ನಿಲ್ಲಿಸಿದ್ದಾದರೆ ತೊಂದರೆಯಿಲ್ಲ. ಊಹೆ ಮಾಡಿ ಬರೆದಿದ್ದಾದರೆ ಇದನ್ನು ಬಿಟ್ಟುಬಿಡಬೇಕು. ಗೊತ್ತುಮಾಡಿಕೊಂಡು ಬಾ. ಹದಿನೈದು ದಿನ ಸಮಯ."

ಪ್ರಬಂಧ ಹೋದರೆ ಒಂದು ಸೆಮಿಸ್ಟರ್ ಹೋಗುತ್ತಿತ್ತು. ಅದಕ್ಕಿಂತ, ದೊಡ್ಡಪ್ಪನ ಮುಂದೆ ನಿಂತು "ನೀವು ಸುಳ್ಳು ಬರೆದಿದ್ದೀರಾ?" ಎಂದು ಯಾವ ಬಾಯಲ್ಲಿ ಕೇಳುವುದು? ಆ ದಿನ ಸಂಜೆ, ಬೇರೇನೂ ತೋಚದೆ, ನನ್ನ ದಿನಚರಿಯನ್ನೇ ತೆರೆದೆ. ಎದ್ದ ಸಮಯ, ಬಸ್ಸು ಬಂದ ಸಮಯ, ಓದಲು ಕೂತ ಸಮಯ ಎಲ್ಲ ಬರೆಯುವವಳು ನಾನು, ಅದರ ಬಗ್ಗೆ ಜಂಬವೂ ಇತ್ತು. ಇನ್ನೂರು ಸಮಯಗಳನ್ನು ಎಣಿಸಿದೆ. ನೂರ ಎಪ್ಪತ್ತೆರಡು ಸೊನ್ನೆಯಲ್ಲೋ ಐದರಲ್ಲೋ ಮುಗಿದಿದ್ದವು. ಮೂರ್ನಾಡಿನ ಬಸ್ಸು ಒಂದು ದಿನವೂ ಎಂಟು ಹನ್ನೆರಡಕ್ಕೆ ಬಂದಿರಲಿಲ್ಲ! ನಾನು ಸುಳ್ಳು ಬರೆದಿದ್ದೆನೇ? ಇಲ್ಲ. ಸುಮ್ಮನೆ, ಕೈ ಹಾಗೆ ಹೋಗಿತ್ತು. ಜಂಬ ಇಳಿದರೂ ಸ್ವಲ್ಪ ಧೈರ್ಯ ಬಂತು.

ಮರುದಿನ ಮಳೆ ಪುಸ್ತಕದ ಕೊನೆಯ ಅಂಕಿಗಳನ್ನು ವರ್ಷವಾರು, ಬೇಸಿಗೆ ಬೇರೆ ಮಳೆಗಾಲ ಬೇರೆ ಮಾಡಿ, ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಕಂಬಗಳ ಚಿತ್ರ ಬರೆದೆ. ವರ್ಷದ ಮೇಲೆ ವರ್ಷ, ಎರಡು ಕಂಬ ಮುಗಿಲಿಗೆ, ಎಂಟು ನೆಲಕ್ಕೆ. ಹನ್ನೊಂದನೇ ವರ್ಷದ ಮಳೆಗಾಲ ಬಂದಾಗ ಕೈ ನಿಂತಿತು. ಹತ್ತೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ, ಬಟ್ಟೆಯಂಗಡಿಯ ಸೀರೆಗಳ ಹಾಗೆ ಸಾಲಾಗಿ. ಮೂವತ್ತೇಳು ಸೆಂಟು. ಒಂದು ಅರವತ್ತೆರಡು. ಎಂಬತ್ತೊಂದು. ಹನ್ನೆರಡು, ಹದಿಮೂರನೇ ವರ್ಷದ ಮಳೆಗಾಲವೂ ಹಾಗೇ. ಆಮೇಲೆ ಮತ್ತೆ ಸೊನ್ನೆ, ಐದು.

ಕೈಬರಹ ಬದಲಾಗಿರಲಿಲ್ಲ, ಶಾಯಿಯೂ. ಆದರೂ ಆ ಮೂರು ಮಳೆಗಾಲ ಗ್ಲಾಸು ನೋಡಿದ ಕಣ್ಣು ಬೇರೆ. ಇಷ್ಟು ವರ್ಷ ಗಣಿತ ಓದಿ, ಪರೀಕ್ಷೆ ಬರೆದು, ಅಂಕ ತೆಗೆದುಕೊಂಡಿದ್ದೆ. ಅದು ಕಾಣದ ಮನುಷ್ಯರೊಬ್ಬರನ್ನು ಹೀಗೆ ಎದುರಿಗೆ ತಂದು ನಿಲ್ಲಿಸುತ್ತದೆಂದು ತಿಳಿದಿರಲಿಲ್ಲ. ದಿನಚರಿಯಲ್ಲಿ ಆ ದಿನ ಬರೆದಿರುವುದು ಒಂದೇ ಸಾಲು: "ಯಾರೋ ಇದ್ದಾರೆ."

ಭಾನುವಾರ ಮೂರ್ನಾಡಿಗೆ ಹೋದೆ. ದೊಡ್ಡಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ದೊಡ್ಡಮ್ಮ ಹೊಸಿಲ ಹತ್ತಿರ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಸುತ್ತಿ ಬಳಸಿ ಸೊನ್ನೆ, ಐದರ ಮಾತೆತ್ತಿದೆ.

"ಐದೈದಕ್ಕೆ ನಿಲ್ಸಿದ್ರೆ ತಿಂಗಳ ಕೊನೇಲಿ ಕೂಡೋಕೆ ಸಲೀಸು," ಎಂದರು ದೊಡ್ಡಪ್ಪ, ಪೇಪರಿನಿಂದ ತಲೆ ಎತ್ತದೆ. "ಎರಡು ಸೆಂಟು ಆಕಡೆ ಈಕಡೆ ಆದ್ರೆ ಕಾಫಿ ಗಿಡ ಏನು ಕೋರ್ಟಿಗೆ ಹೋಗ್ತದಾ?"

"ಹಾಗಾದರೆ ಹನ್ನೊಂದನೇ ವರ್ಷದ ಜೂನಿನಿಂದ ಗ್ಲಾಸು ನೋಡಿದ್ದು ಯಾರು, ದೊಡ್ಡಪ್ಪ?"

ಪೇಪರ್ ಕೆಳಗಿಳಿಯಿತು. ಅವರು ನನ್ನನ್ನು ನೋಡಲಿಲ್ಲ, ದೊಡ್ಡಮ್ಮನನ್ನು ನೋಡಿದರು. "ನೀನು ಹೇಳ್ದ್ಯಾ?"

"ನಾನ್ಯಾಕೆ ಹೇಳ್ಲಿ? ಅವಳು ಬಂದಾಗಿಂದ ಬೀನ್ಸು ಬಿಟ್ಟು ಎದ್ದಿದೀನಾ ನಾನು?"

"ಮತ್ತೆ ಇವಳಿಗೆ ಹೆಂಗೆ ಗೊತ್ತಾಯ್ತು?"

ನಾನು ಚಿತ್ರ ತೋರಿಸಿದೆ. ದೊಡ್ಡಪ್ಪ ಕಂಬಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಆ ವರ್ಷಗಳಲ್ಲಿ ತೋಟದ ದೂರದ ಬ್ಲಾಕಿನಲ್ಲಿ ಹೊಸ ಗಿಡ ನೆಡಿಸುವ ಕೆಲಸ. ಆರೂವರೆಗೇ ಆಳುಗಳ ಜೊತೆ ಹೊರಡಬೇಕು. ಎಂಟಕ್ಕೆ ಅಂಗಳದಲ್ಲಿರಲು ಸಾಧ್ಯವಿರಲಿಲ್ಲ. ರೈಟರೇ ನೋಡಬೇಕೆಂಬುದು ತೋಟದ ನಿಯಮ. ಸಾಹೇಬರಿಗೆ ಹೇಳುವ ಹಾಗಿರಲಿಲ್ಲ. ದೊಡ್ಡಮ್ಮ ನೋಡಿ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಸಂಜೆ ಇವರು ಪುಸ್ತಕಕ್ಕೆ ಇಳಿಸುತ್ತಿದ್ದರು.

"ನಾಲ್ಕು ಇಂಚು ಬಿದ್ದ ದಿನ ಗ್ಲಾಸು ಎಂಟು ಸಲ ತುಂಬಿಸ್ಬೇಕು ಮಗ," ಎಂದರು ದೊಡ್ಡಮ್ಮ. "ಮರೆತು ಹೋಗ್ತದೆ ಅಂತ ಒಂದೊಂದು ಸಲಕ್ಕೆ ಒಂದೊಂದು ಹುಣಸೆ ಬೀಜ ಇಡ್ತಿದ್ದೆ. ಕೊಡೆ ಹಿಡ್ಕೊಂಡು, ಕೂತ್ಕೊಂಡು."

"ಐದಕ್ಕೆ ನಿಲ್ಲಿಸಲಿಲ್ವಾ ದೊಡ್ಡಮ್ಮ?"

"ಅದ್ಯಾಕೆ ನಿಲ್ಸೋದು? ನೀರು ಎಲ್ಲಿ ನಿಂತದೆಯೋ ಅಲ್ಲೇ ಅಲ್ವೇನೆ ನೋಡೋದು."

ನಾಲ್ಕನೇ ಕ್ಲಾಸಿನ ತನಕ ಓದಿದವರು.

"ಇನ್ನು ನನ್ ಪುಸ್ತಕ ಸುಳ್ಳು ಅಂತ ಬರೀತೀಯಾ?" ಎಂದರು ದೊಡ್ಡಪ್ಪ. ಗೊತ್ತಿಲ್ಲ, ಮೇಡಂ ಹೇಳಬೇಕು ಎಂದೆ. ಅವರು ಪೇಪರ್ ಎತ್ತಿಕೊಂಡು, ಊಟಕ್ಕೂ ಅದನ್ನು ಹಿಡಿದೇ ಕೂತರು. ನಾನು ಗೇಟು ದಾಟುವಾಗ ಹಿಂದಿನಿಂದ ಕೂಗಿದರು.

"ಮೂರಲ್ಲ ಕಣೆ. ಮೂರೂವರೆ! ನಾಲ್ಕನೇ ವರ್ಷ ಜುಲೈ ಅರ್ಧದ ತನಕ ಅವಳೇ ನೋಡಿದ್ದು. ನಿನ್ ಗಣಿತಕ್ಕೆ ಅದು ಸಿಕ್ಕಿಲ್ಲ."

ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಇಡೀ ಮಳೆಗಾಲವನ್ನು ಒಟ್ಟಿಗೆ ಎಣಿಸಿದ್ದರಿಂದ ಹದಿನಾಲ್ಕನೇ ವರ್ಷ ನನ್ನ ಕಣ್ಣು ತಪ್ಪಿಸಿತ್ತು. ದಿನದ ಮೇಲೆ ದಿನ ಇಳಿದೆ. ಜುಲೈ ಹದಿನೇಳು, ಎಪ್ಪತ್ತಮೂರು ಸೆಂಟು. ಹದಿನೆಂಟು, ತೊಂಬತ್ತು. ಹತ್ತೊಂಬತ್ತು, ಅರವತ್ತೈದು. ಗ್ಲಾಸು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಬೆಳಗ್ಗೆ ಅಲ್ಲೇ ಇತ್ತು.

ಮೇಡಂ ಎಲ್ಲ ಕೇಳಿದರು. "ಹೆಂಡತಿ ಎಪ್ಪತ್ತಮೂರು ಅಂದಿದ್ದನ್ನು ಎಪ್ಪತ್ತೈದು ಮಾಡದೆ ಬರೆದವರು ಊಹೆ ಮಾಡಿ ಬರೆಯೋದಿಲ್ಲಮ್ಮ. ಇಟ್ಟುಕೋ," ಎಂದರು. ಪ್ರಬಂಧದ ಎರಡನೇ ಪುಟದಲ್ಲಿ, ಬರೆದವರು ಎಂದು ದೊಡ್ಡಪ್ಪನ ಹೆಸರಿದೆ. ಮೂರೂವರೆ ಮಳೆಗಾಲ ಗ್ಲಾಸು ನೋಡಿದವರು ಎಂದು ದೊಡ್ಡಮ್ಮನ ಹೆಸರು, ದಾಕ್ಷಾಯಿಣಿ. ದೊಡ್ಡಪ್ಪ ಆ ಪುಟವನ್ನು ಬಂದವರಿಗೆಲ್ಲ ತೋರಿಸುತ್ತಾರಂತೆ, ಮೂರರ ಮೇಲಿನ ಆ ಅರ್ಧವನ್ನು ಹಿಡಿದುಕೊಟ್ಟದ್ದು ತಾವೆಂದು.

ಈಗ ಯಾರ ಮನೆಗೆ ಹೋದರೂ ಹಳೆಯ ಮಳೆ ಪುಸ್ತಕ ಇದೆಯೇ ಎಂದು ಕೇಳುವ ಚಾಳಿ ನನಗೆ ಅಂಟಿದೆ. ನೆಲ್ಯಹುದಿಕೇರಿಯ ಒಂದು ಮನೆಯವರು ಕೊಟ್ಟ ಪುಸ್ತಕ ಇದೀಗ ಮೇಜಿನ ಮೇಲಿದೆ. ಅಲ್ಲೂ ಸೊನ್ನೆ, ಐದು. ಆದರೆ ಏಳು ವರ್ಷ, ಮಂಗಳವಾರಗಳು ಮಾತ್ರ, ಕೊನೆಯ ಸೆಂಟಿನವರೆಗೆ ಸರಿಯಾಗಿವೆ. ಅದು ಯಾರೆಂದು ಆ ಮನೆಯವರಿಗೆ ತಿಳಿದಿಲ್ಲ. ನದಿ ದಂಡೆಯ ಆ ತೋಟದಲ್ಲಿ ಮಂಗಳವಾರ ಬೆಳಗ್ಗೆ ಎಂಟಕ್ಕೆ ಅಂಗಳಕ್ಕಿಳಿದು ಗ್ಲಾಸು ಹಿಡಿಯುತ್ತಿದ್ದವರನ್ನು ನಿಮ್ಮಲ್ಲಿ ಯಾರಾದರೂ ಬಲ್ಲಿರಾದರೆ, ದಯವಿಟ್ಟು ನನಗೆ ಬರೆಯಿರಿ. ಪುಸ್ತಕದ ಮೇಲಿರುವ ಹೆಸರು ನನ್ನ ಹತ್ತಿರ ಇದೆ. ನನಗೆ ಬೇಕಾಗಿರುವುದು ಇನ್ನೊಂದು.