ಹಿಮ್ಮಡಿಗೆ ಹಾಕಿದ ಮೂರು ಸೂಜಿ

1979ರ ಜನವರಿ ಹೊತ್ತಿಗೆ ನಾನು ಇಳಕಲ್ಲಿನಲ್ಲಿ ದವಾಖಾನೆ ತೆರೆದು ಮೂರು ವರ್ಷವಾಗಿತ್ತು. ಬರುತ್ತಿದ್ದವರೆಲ್ಲ ಬಸುರಿಯರು, ಬಾಣಂತಿಯರು, ಕೂಸು ಎತ್ತಿಕೊಂಡ ತಾಯಂದಿರು. ಗಂಡಸರು ಕಾಲು ಮುರಿದರೂ ಬಸ್ಸು ಹತ್ತಿ ಹುನಗುಂದಕ್ಕೋ ಬಾಗಲಕೋಟೆಗೋ ಹೋಗುತ್ತಿದ್ದರೇ ಹೊರತು ಡಾಕ್ಟರಬಾಯಿಯ ಮುಂದೆ ಕೂಡುತ್ತಿರಲಿಲ್ಲ. ಹೀಗಾಗಿ ಊರಿಗೆಲ್ಲ ಗೊತ್ತಿದ್ದ ಫುಟ್‌ಬಾಲ್ ಆಟಗಾರ ಮಹಾಂತೇಶ ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಡೆದದ್ದರಲ್ಲಿ ಅದರ ಪಾಲು ದೊಡ್ಡದು.

ಅವನಿಗೆ ಆಗ ಇಪ್ಪತ್ತು ವರ್ಷ. ತಾಯಿ ಸಂಗವ್ವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಪಾದದಿಂದ ಕಾಲುಮಣೆ ತುಳಿಯುತ್ತ ನೇಯುವ ಮಗ್ಗ ಅದು. ಮಗನೂ ಹದಿನೆಂಟರವರೆಗೆ ಅದನ್ನೇ ತುಳಿದವನು. ಹೈಸ್ಕೂಲಿನ ಆಟದ ಮಾಸ್ತರ ದೇಸಾಯಿಯವರು ಅವನನ್ನು ಬೆಂಗಳೂರಿನ ಒಂದು ಕಾರ್ಖಾನೆಯ ಟೀಮಿಗೆ ಸೇರಿಸಿದ್ದರು. ಕಾಗದದ ಮೇಲೆ ಅವನು ಹೆಲ್ಪರ್, ಕೆಲಸವೆಲ್ಲ ಮೈದಾನದಲ್ಲಿ. ಅವನ ಜಾಗ ಮಿಡ್‌ಫೀಲ್ಡ್. ಹಿಂದಿನವರಿಂದ ಚೆಂಡು ತಂದು ಮುಂದಿನವರಿಗೆ ಮುಟ್ಟಿಸುವವನು, ಟೀಮಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡುವವನು. ಒಂದು ವರ್ಷ ನೋಡಿ ಕಾಯಂ ಮಾಡುವುದಾಗಿ ಕಾರ್ಖಾನೆಯವರು ಹೇಳಿದ್ದರು. ಈಗ ಕಾಲುನೋವಿನ ಸುದ್ದಿ ಮುಚ್ಚಿಟ್ಟು, ರಜೆ ಹಾಕಿ ಊರಿಗೆ ಬಂದಿದ್ದ. ಫೆಬ್ರವರಿಯಲ್ಲಿ ಬಾಗಲಕೋಟೆಯ ಟೂರ್ನಮೆಂಟಿಗೆ ಅವನ ಟೀಮು ಬರುವುದಿತ್ತು. ಅವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿಯೇ ತೀರ್ಮಾನ.

ಬಲಗಾಲಿನ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕುವ ಹುರಿ, ಅಂದರೆ ಅಕಿಲಿಸ್ ಟೆಂಡನ್, ಊದಿಕೊಂಡಿತ್ತು. ಬೆರಳಿಟ್ಟು ಪಾದ ಆಡಿಸಲು ಹೇಳಿದರೆ ಒಳಗೆ ಹೊಸ ಚಪ್ಪಲಿಯಂತೆ ಕಿರುಗುಟ್ಟುತ್ತಿತ್ತು.

"ಎರಡು ತಿಂಗಳು ಓಡಬಾರದು" ಎಂದೆ.

"ಎರಡು ತಿಂಗಳು ಕುಂತ್ರ ಜೀವನಪೂರ್ತಿ ಇಲ್ಲೇ ಕುಂತಂಗ ಆಗತೈತ್ರಿ ಬಾಯಾರ."

ಜೊತೆಗೆ ಬಂದಿದ್ದ ದೇಸಾಯಿ ಮಾಸ್ತರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಬೆಂಗಳೂರಾಗ ಇದಕ್ಕ ಸ್ಟೀರಾಯ್ಡ್ ಸೂಜಿ ಹಾಕ್ತಾರಂತ್ರಿ. ಬಾಗಲಕೋಟಿ ಡಾಕ್ಟರ್ ಒಲ್ಲೆ ಅಂದ್ರು. ನಿಮ್ಮ ಕೈಗುಣ ಛಲೋ ಐತಿ ಅಂತ ಬಂದೇವಿ. ಇದು ನಮ್ಮ ಮೂರು ಮಂದ್ಯಾಗ ಇರ್ಲಿ. ಟೀಮಿನವರಿಗೆ ಗೊತ್ತಾದ್ರ ಇವನ ಕತಿ ಮುಗೀತು."

ನನಗಿಂತ ಅನುಭವಿಯಾದ ಡಾಕ್ಟರು ಒಲ್ಲೆ ಎಂದದ್ದು ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೈಡ್ರೊಕಾರ್ಟಿಸೋನ್ ಬಾವು ಇಳಿಸುತ್ತದೆ, ನೋವು ತೆಗೆಯುತ್ತದೆ. ಆದರೆ ಹುರಿಯ ಎಳೆಗಳನ್ನು ಮೆತ್ತಗೆ ಮಾಡುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಹುರಿಯೊಳಗೆ ಹೋಗದಂತೆ ಸುತ್ತಲೂ ಹಾಕಿದರೆ ಅಪಾಯವಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಸೂಜಿ ಹಾಕಿದೆ.

ಮೂರನೆಯ ದಿನ ಅವನು ಮೈದಾನದಲ್ಲಿ ಓಡುತ್ತಿದ್ದ. ಎರಡು ವಾರಕ್ಕೆ ನೋವು ಮರಳಿತು. ಎರಡನೆಯ ಸೂಜಿ ಹಾಕುವಾಗ ನನ್ನ ಬೆರಳಿಗೆ ಒಂದು ವ್ಯತ್ಯಾಸ ತಿಳಿಯಿತು. ಮೊದಲ ಸಲ ಎದುರೊತ್ತಿದ್ದ ಜಾಗ ಈಗ ಎದುರೊತ್ತಲಿಲ್ಲ. ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನಾನು ತಡೆದು ನಿಂತೆ. ಅವನು ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಔಷಧವನ್ನು ಪೂರ್ತಿ ಒತ್ತಿದೆ.

ಅದಾದ ನಾಲ್ಕೈದು ದಿನಕ್ಕೆ ಸಂಗವ್ವ ಬಂದಳು. ಅವಳಿಗೇನೂ ಕಾಯಿಲೆ ಇರಲಿಲ್ಲ. ಸೆರಗಿನಿಂದ ಬೆವರೊರೆಸಿಕೊಂಡು ಬೆಂಚಿನ ತುದಿಯಲ್ಲಿ ಕೂತಳು.

"ನನ್ನ ಮಗಗ ಏನ ಔಷಧ ಕೊಟ್ಟೀರಿ ಬಾಯಾರ? ದೀಪಾವಳಿಯಿಂದ ಕುಂಟಾಂವ ಒಮ್ಮೆಲೇ ಜಿಗದಾಡಾಕತ್ತಾನ. ಸಂತೋಷ ಆಗಬೇಕು ಖರೆ, ನನಗ್ಯಾಕೋ ಹೆದರಿಕಿ ಆಗತೈತಿ."

"ಗುಳಿಗೆ ಕೊಟ್ಟಿದ್ದೇನೆ. ಬಾವು ಇಳಿದಿದೆ, ಅಷ್ಟೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಮೇಜಿನ ಮೇಲಿನ ಸ್ಟೆತೊಸ್ಕೋಪನ್ನು ಎತ್ತಿ ಇನ್ನೊಂದು ಕಡೆ ಇಟ್ಟೆ.

ಪಂದ್ಯದ ದಿನ ದೇಸಾಯಿ ಮಾಸ್ತರು ನನ್ನನ್ನೂ ಬಾಗಲಕೋಟೆಗೆ ಕರೆದೊಯ್ದರು. ಮೈದಾನದ ಪಕ್ಕದ ಶಾಲೆಯ ಖಾಲಿ ಕೋಣೆಯಲ್ಲಿ ಮಹಾಂತೇಶ ಎರಡು ಬೆಂಚು ಕೂಡಿಸಿ ಬೋರಲು ಮಲಗಿದ. ಹಿಂದಿನ ಎರಡು ದಿನ ನೋವು ಮತ್ತೆ ಕಾಣಿಸಿಕೊಂಡಿತ್ತು. ಹೊರಗೆ ಜನ ಆಗಲೇ ಸೇರಿದ್ದರು. ಸೀಟಿಯ ಸದ್ದು, ಕೂಗು ಕೇಳಿಸುತ್ತಿತ್ತು. ನೋವು ತಕ್ಷಣ ಮರಗಟ್ಟಲೆಂದು ಇನ್ನೊಂದು ಔಷಧವನ್ನೂ ಬೆರೆಸಿ ನಾನು ಮದ್ದು ಎಳೆದುಕೊಳ್ಳುವಾಗ ಅವನು ಕತ್ತು ಹೊರಳಿಸಿ ಕೇಳಿದ, "ಬಾಯಾರ, ಏನರ ಆಕ್ಕೈತೇನ್ರಿ?"

"ಏನೂ ಆಗೂದಿಲ್ಲ."

ಅವನ ಮಾತಿನ ಧಾಟಿಯಲ್ಲಿಯೇ ಹೇಳಿದೆ, ಧೈರ್ಯ ಬರಲೆಂದು. ಮೂರನೆಯ ಸೂಜಿಯೂ ಆಯಿತು.

ಮೊದಲರ್ಧ ಅವನು ಆಡಿದ ಆಟಕ್ಕೆ ಕಾರ್ಖಾನೆಯ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ನನಗೆ ಫುಟ್‌ಬಾಲ್ ತಿಳಿಯದು. ನಾನು ಚೆಂಡು ನೋಡಲಿಲ್ಲ, ಅವನ ಬಲಗಾಲನ್ನೇ ನೋಡುತ್ತಿದ್ದೆ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಚೆಂಡು ದೂರದ ಮೂಲೆಯಲ್ಲಿತ್ತು. ಅವನು ನಡುಮೈದಾನದಲ್ಲಿ ಒಬ್ಬನೇ ನಿಂತಿದ್ದವನು ಓಡಲೆಂದು ಬಲಗಾಲು ಒತ್ತಿದ. ಒಣ ಕಟ್ಟಿಗೆ ಮುರಿದಂಥ ಸದ್ದು ಗೆರೆಯ ಹೊರಗೆ ನಿಂತ ನಮಗೂ ಕೇಳಿಸಿತು. ಅವನು ಬಿದ್ದು, ಸಿಟ್ಟಿನಿಂದ ಹಿಂದೆ ಹೊರಳಿ ನೋಡಿದ.

"ಯಾಂವಲೇ ಒದ್ದಾಂವ?"

ಅವನ ಹಿಂದೆ ಯಾರೂ ಇರಲಿಲ್ಲ.

ಓಡಿಹೋಗಿ ಅವನ ಮೀನಖಂಡವನ್ನು ಕೈಯಿಂದ ಹಿಂಡಿದೆ. ಹುರಿ ಗಟ್ಟಿಯಿದ್ದರೆ ಹಿಂಡಿದಾಗ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಅವನ ಪಾದ ಮಿಸುಕಲಿಲ್ಲ. ಮತ್ತೆ ಹಿಂಡಿದೆ. "ನೋವ ಇಲ್ರಿ ಬಾಯಾರ, ಎಬ್ಬಸ್ರಿ, ಆಡ್ತೇನಿ" ಎನ್ನುತ್ತಿದ್ದ. ಆ ಇಡೀ ಮೈದಾನದಲ್ಲಿ ಆದದ್ದೇನೆಂದು ಗೊತ್ತಿದ್ದವಳು ನಾನೊಬ್ಬಳೇ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮರುದಿನ ಸರ್ಜನ್ ನಮ್ಮೆಲ್ಲರ ಮುಂದೆ ಹೇಳಿದರು, "ಹುರಿ ನೆನೆದ ಅರಳೆಯಂತಾಗಿತ್ತು. ಹೊಲಿಗೆ ನಿಲ್ಲುವುದೇ ಕಷ್ಟವಾಯಿತು. ಇದಕ್ಕೆ ಸೂಜಿ ಹಾಕಿದವರು ಯಾರು?"

ಸಂಗವ್ವ ಮಂಚದ ಕಾಲು ಹಿಡಿದು ಕೂತಿದ್ದಳು. ದೇಸಾಯಿ ಮಾಸ್ತರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾಂತೇಶನೇ ಹೇಳಿದ, "ಬೆಂಗಳೂರಾಗ ಯಾರೋ ಹಾಕಿದ್ರಿ ಸಾಹೇಬರ. ಹೆಸರು ಗೊತ್ತಿಲ್ಲ." ನಾನು ಬಾಯಿ ಮುಚ್ಚಿಕೊಂಡೆ.

ಪ್ಲಾಸ್ಟರ್ ತೆಗೆದ ಮೇಲೆ ಕಾಲು ನಡೆಯಲು ಬಂತು, ಒತ್ತಲು ಬರಲಿಲ್ಲ. ಕಾರ್ಖಾನೆಯಿಂದ ಎರಡು ಸಾಲಿನ ಕಾಗದ ಬಂತು. ಮಗ್ಗಕ್ಕೆ ಕೂತರೆ ಬಲಪಾದ ಕಾಲುಮಣೆಯನ್ನು ತಳಕ್ಕೆ ಮುಟ್ಟಿಸುತ್ತಿರಲಿಲ್ಲ. ಕೊನೆಗೆ ಅವನು ಓಣಿಯ ಹೆಂಗಸರ ನಡುವೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತತೊಡಗಿದ. ಎದುರಾದಾಗಲೆಲ್ಲ ನಮಸ್ಕಾರ ಮಾಡುತ್ತಿದ್ದ. ಅವನನ್ನು ತಪ್ಪಿಸಲು ನಾನು ಸುತ್ತುಹಾದಿ ಹಿಡಿಯುತ್ತಿದ್ದೆ.

1984ರಲ್ಲಿ ಬಾದಾಮಿಯಿಂದ ಒಬ್ಬ ಕಬಡ್ಡಿ ಆಟಗಾರ ಬಂದ, ಬಸವರಾಜ ಎಂದು. ಅದೇ ಹಿಮ್ಮಡಿ, ಅದೇ ಬಾವು. ಅವನಿಗೂ ಸೂಜಿಯೇ ಬೇಕಿತ್ತು. ಒಲ್ಲೆ ಎಂದೆ. "ಹಂಗಾರ ಬ್ಯಾರೆ ಕಡಿ ಹಾಕಿಸ್ಕೋತೇನಿ" ಎಂದು ಎದ್ದ. ಮಾತಿನಿಂದ ಆಗದೆಂದು ತಿಳಿದು ಅವನನ್ನು ಮಹಾಂತೇಶನ ಮನೆಗೆ ಕರೆದೊಯ್ದೆ.

ಮಹಾಂತೇಶ ಧೋತರ ಮೇಲಕ್ಕೆತ್ತಿ ಕಾಲು ತೋರಿಸಿದ. ಒಂದು ಮೀನಖಂಡ ಇನ್ನೊಂದರ ಅರ್ಧದಷ್ಟಿತ್ತು. ಬಸವರಾಜ ದಿಟ್ಟಿಸಿ ನೋಡಿ ಕೇಳಿದ, "ಸೂಜಿ ಯಾರ ಹಾಕಿದ್ರು?"

"ಬೆಂಗಳೂರಾಗ ಯಾರೋ ಸೂಜಿ ಹಾಕಾಕ ಬರಲಾರದವರು ಹಾಕಿದ್ರಪಾ" ಎಂದ ಮಹಾಂತೇಶ, ನನ್ನತ್ತ ನೋಡದೆ.

ಬಸವರಾಜನ ಮುಖ ಅರಳಿತು. "ಅದಕ್ಕಽ ಹಿಂಗಾಗೈತಿ ನೋಡ್ರಿ. ಬರೂವಂಥವರು ಹಾಕಿದ್ರ ಆಗೂದಿಲ್ಲ. ನೀವಽ ಹಾಕ್ರಿ ಬಾಯಾರ."

ಸಂಗವ್ವ ಮಗ್ಗದಲ್ಲಿದ್ದಳು.

"ಬೆಂಗಳೂರಿನಲ್ಲಿ ಯಾರೂ ಹಾಕಲಿಲ್ಲ. ಮೂರೂ ಸೂಜಿ ಹಾಕಿದವಳು ನಾನು" ಎಂದೆ.

ಮಗ್ಗದ ಸದ್ದು ನಿಂತಿತು. "ಬಾಯಾರ, ಈಗ್ಯಾಕ್ರಿ ಅದು" ಎಂದು ಮಹಾಂತೇಶ ಗೊಣಗಿದ. ಬಸವರಾಜ ನನ್ನನ್ನೂ ಆ ಕಾಲನ್ನೂ ನೋಡಿದ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸಂಗವ್ವ ಕುಣಿಯಿಂದ ಏಳಲಿಲ್ಲ. ಅಲ್ಲಿಂದಲೇ ಅವಳ ದನಿ ಬಂತು.

"ನಾ ಕೇಳಾಕ ಬಂದಿದ್ನಲ್ಲ. ಅವತ್ತ ಹೇಳಿದ್ರ ಅವನ ಕಾಲ ಹಿಡದು ಕುಂದರಸ್ತಿದ್ದೆ."

ಅವಳು ಮತ್ತೆಂದೂ ನನ್ನ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಮುಂದೆ ಮಹಾಂತೇಶನ ಮದುವೆಯಾಗಿ, ಸೊಸೆಯ ಎರಡು ಹೆರಿಗೆಗೂ ಹುನಗುಂದಕ್ಕೆ ಹೋದರು. ಬಸವರಾಜ ಆ ವರ್ಷ ಆಡಲಿಲ್ಲವೆಂದು ಕೇಳಿದೆ. ಮುಂದೆ ಆಡಿದನೋ ಇಲ್ಲವೋ ತಿಳಿಯದು.

ತಪ್ಪು ಮಾಡದ ವೈದ್ಯರಿಲ್ಲ. ಅದನ್ನು ಕಲಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಐದು ವರ್ಷ ಹಿಡಿದದ್ದು ಇನ್ನೊಂದನ್ನು ಕಲಿಯಲು. ನಮ್ಮನ್ನು ಉಳಿಸಲೆಂದು ರೋಗಿ ಸುಳ್ಳು ಹೇಳುತ್ತಾನೆ, ಅದನ್ನು ನಾವು ಅವನ ದೊಡ್ಡತನವೆಂದು ಒಪ್ಪಿಕೊಂಡು ಮನೆಗೆ ಹೋಗುತ್ತೇವೆ. ಆ ಸುಳ್ಳು ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ರೋಗಿ ಅದನ್ನೇ ನಂಬಿಕೊಂಡು ಬಂದು ನಮ್ಮ ಮುಂದೆ ಕಾಲು ಚಾಚುತ್ತಾನೆ.