ಘಾಟಿಯ ಬಾಗಿಲಲ್ಲೊಬ್ಬಳು ಘಾಟಿ

ಘಾಟಿ ಕಾಯುವುದು ಆ ಮನೆತನದ ಕಸುಬು. ತಲೆಮಾರುಗಳಿಂದ ಧಣಿಗಳು ಎರಡು ಬೆಟ್ಟಗಳ ನಡುವಿನ ದಾರಿಗೆ ಹೆಬ್ಬಾಗಿಲು ಜಡಿದು ಕೂತಿದ್ದಾರೆ. ಆದರೆ ಅಲ್ಲಿ ನಿಜವಾದ ಘಾಟಿ ಎಂದರೆ ಬಾಗಿಲಮ್ಮ. ಕೀಲುಗಳಿಗೆ ಎಣ್ಣೆ ಬಿಡುವುದು, ಅಗುಳಿ ಎತ್ತುವುದು, ಕತ್ತೆಗಳಿಗೂ ಸರದಾರರಿಗೂ ಒಂದೇ ದನಿಯಲ್ಲಿ ಬೈಯುವುದು, ಎಲ್ಲ ಅವಳದೇ. ಗಂಡ ಬದುಕಿದ್ದಾಗ ಅವನೂ ಬಾಗಿಲು ತಟ್ಟಿ, ಕೆಮ್ಮಿ, ಕಾಯುತ್ತಿದ್ದನಂತೆ.

ಅವಳ ತಲೆ ಕೆಡಿಸುತ್ತಿದ್ದುದು ಮನೆತನದ ಒಂದು ಹಾಳು ನಿಯಮ. ಹೊರಗೆ ಹೊರಟವರು ‘ಹೋಗ್ತೀನಿ’ ಎಂದೇ ಹೇಳಬೇಕು. ಹಿಂದೊಮ್ಮೆ ಶತ್ರುಗಳ ದಂಡು ಬಾಗಿಲ ಮುಂದೆ ನಿಂತು ‘ಬರ್ತೀವಿ’ ಎಂದಿತಂತೆ. ಹೊರಟರು ಎಂದುಕೊಂಡ ಧಣಿಗಳ ಮುತ್ತಜ್ಜ ‘ಆಗಲಿ, ಬನ್ನಿ’ ಎಂದು ಕೈಬೀಸಿ, ಅಗುಳಿಯನ್ನೂ ಹಾಕದೆ ಊಟಕ್ಕೆ ಕೂತ. ಅವರು ಬಂದರು. ಊಟವನ್ನೂ ಅವರೇ ಮುಗಿಸಿದರು.

ಈಗ ಆಚೆ ತಪ್ಪಲಿನಲ್ಲಿ ಬಾಗಿಲಮ್ಮನ ಮಗಳಿಗೆ ದಿನ ತುಂಬಿದೆ, ಚೊಚ್ಚಲ ಹೆರಿಗೆ. ನೆತ್ತಿಯ ಮೇಲೆ ಹಿಮದ ಮೋಡ. ಇವತ್ತು ದಾಟದಿದ್ದರೆ ಚಳಿಗಾಲ ಮುಗಿಯುವವರೆಗೆ ದಾರಿಯಿಲ್ಲ. ಗಂಟು ಹೊತ್ತವಳು ಬೀಗದ ಕೈಗಳ ಗೊಂಚಲನ್ನು ಧಣಿಗೆ ಒಪ್ಪಿಸಿದಳು.

“ಹೋಗಿ ಬರ್ತೀನಿ ಧಣೀ.”

“ಒಂದು ಹೇಳು. ಹೋಗ್ತೀಯೋ, ಬರ್ತೀಯೋ?”

“ಹೋಗಿ, ಬರ್ತೀನಿ.”

“ಬರೀ ‘ಹೋಗ್ತೀನಿ’ ಅನ್ನು, ತೆಗೀತೀನಿ.”

“ಬಾಣಂತನಕ್ಕೆ ಹೊರಟೋಳ ಬಾಯಲ್ಲಿ ಅಂಥ ಮಾತಾ? ನಾಲಿಗೆ ಬಿದ್ದೋದ್ರೂ ಅನ್ನಲ್ಲ.”

“ನಿಯಮ ಕಣಮ್ಮಾ!”

“ಮದುವೆಯಾಗಿ ಹೊರಟ ದಿನ ನನ್ನ ಮಗಳ ಕೈಲೂ ‘ಹೋಗ್ತೀನಿ’ ಅನ್ನಿಸಿದ್ರಿ. ಒಂದು ಸಲನಾದ್ರೂ ತವರಿಗೆ ಬಂದ್ಳಾ? ನಿಮ್ಮ ಮುತ್ತಜ್ಜನಿಗೆ ಮಾತು ತಿಳೀಲಿಲ್ಲ ಅಂತ ಈಗ ಒಬ್ಬಳೇ ಹೆರಬೇಕಾ?”

ಧಣಿ ಹಣೆ ಚಚ್ಚಿಕೊಂಡರು. ಅವಳು ಹೊಸ್ತಿಲ ಮೇಲೆ ಕೂತೇಬಿಟ್ಟಳು. ಮೊದಲ ಹಿಮ ಗಂಟಿನ ಮೇಲೆ ಉದುರಿತು.

ಮಹಡಿಯ ಕಿಟಕಿಯಿಂದ ಧಣಿಯ ಹೆಂಡತಿ ಕೂಗಿದರು: “ರೀ, ಹೋಗ್ತೀನಿ ಅಂದು ಹೋಗೇಬಿಟ್ರೆ ಆಮೇಲೆ ಆ ಅಗುಳಿ ಎತ್ತೋರ್ಯಾರು, ನೀವಾ? ಬರ್ತೀನಿ ಅನ್ನೋಳನ್ನ ಮೊದಲು ಬಿಡ್ರೀ!”

ಧಣಿ ಕೈಯಲ್ಲಿದ್ದ ಗೊಂಚಲು ನೋಡಿದರು. ಒಂದೊಂದು ಕೀಲಿಯೂ ಸೌತೆಕಾಯಿ ಗಾತ್ರ. ಮುತ್ತಜ್ಜನ ನಿಯಮಕ್ಕಿಂತ ಅದೇ ಭಾರವೆನಿಸಿತು. ಏದುಸಿರು ಬಿಡುತ್ತ ಅಗುಳಿ ಎತ್ತಿದರು.

“ಬರ್ತೀನಿ ಧಣೀ.”

“ಬಾಮ್ಮಾ, ಬಾ. ಬೇಗ ಹೋಗು!”

ತಿರುವಿನಿಂದ ಅವಳ ದನಿ ಕೇಳಿತು: “ಥಂಡಿ ನುಗ್ತಿದೆ, ಬಾಗಿಲು ಮುಂದೆ ಮಾಡ್ಕೊಳ್ಳಿ!”

ಧಣಿ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. “ಮುಂದೆ ಅಂದ್ರೆ... ಆ ಕಡೆಗೋ, ಈ ಕಡೆಗೋ?”