ಜಗಲಿಯ ಮೇಲಿಟ್ಟ ಹೊಗೆಸೊಪ್ಪು

ಮಾಗಡಿಗೆ ಹೊರಟವಳು, ಕ್ಲೋಸ್‌ಪೇಟೆಯ ಹತ್ತಿರ ಗಾಡಿಯ ಅಚ್ಚು ಮುರಿದದ್ದರಿಂದ ಹಳ್ಳಿಯ ಪಾದ್ರಿಯೊಬ್ಬರ ಮನೆಯಲ್ಲಿ ಉಳಿಯಬೇಕಾಯಿತು. ಬಾಗಿಲಲ್ಲೇ ಅವರು ಕೇಳಿದರು: “ಹೊಗೆಸೊಪ್ಪು ಐತೇನವ್ವಾ ನಿನ್ತಾವ?”

ಚರ್ಚಿನ ದಾರಿ ಮರೆತು ಊರೂರು ಅಲೆಯುವ ಹೆಂಗಸು ನಾನು. ಇಂಥ ಪ್ರಶ್ನೆಯ ಹಿಂದೆ ಎಷ್ಟುದ್ದದ ಉಪದೇಶ ಬರುತ್ತದೆಂದು ಬಲ್ಲೆ. ಸೊಂಟದ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿ, “ಇಲ್ಲ ಅಯ್ಯನೋರೇ” ಅಂದೆ.

ಹೊಸಲು ದಾಟುವಷ್ಟರಲ್ಲಿ ಕಂಡಿತು: ನಡುಮನೆ ತುಂಬ ಬಿದಿರ ತಟ್ಟೆಗಳು, ಅವುಗಳಲ್ಲಿ ಸೊಪ್ಪು ಮೇಯುತ್ತಿದ್ದ ರೇಷ್ಮೆ ಹುಳುಗಳು.

ಪಾದ್ರಿಗಳ ಹೆಂಡತಿ ಹೇಳಿದರು: “ಹೊಗೆಸೊಪ್ಪಿನ ಗಾಳಿ ಸೋಕುದ್ರೆ ಎಲ್ಲಾ ಸತ್ತೋಯ್ತವೆ ಕಣವ್ವಾ. ಅದಕ್ಕೇ ಕೇಳಿದ್ದು. ನಮ್ಮ ಹೊಟ್ಟೆಪಾಡು ಇದೇಯ.”

ತಟ್ಟನೆ ಹೊರಗೆ ಬಂದುಬಿಟ್ಟೆ. “ಸುಳ್ಳು ಹೇಳಿದೆ ಅಯ್ಯನೋರೇ. ನನ್ನ ಹತ್ತಿರ ಇದೆ.”

ತಲೆ ತಗ್ಗಿಸಿ ಉಪದೇಶಕ್ಕೆ ಕಾದೆ.

“ಜಗ್ಲಿ ಮ್ಯಾಲೆ ಮಡಗು. ಕೈ ಚೆನ್ನಾಗಿ ತೊಳ್ಕೊಂಡು ಬಾ, ಮುದ್ದೆ ಆರೋಯ್ತದೆ” ಅಂದರು ಪಾದ್ರಿಗಳು.

ಅಷ್ಟೇ. ಪ್ರೀತಿಯ ಬಗ್ಗೆ ಎಷ್ಟೋ ಉಪದೇಶ ಕೇಳಿದ್ದೇನೆ. ಇಷ್ಟು ಚುಟುಕಾದದ್ದು, ಅದೂ ಉಪ್ಪೆಸರಿನ ಜೊತೆ, ಎಲ್ಲೂ ಸಿಕ್ಕಿರಲಿಲ್ಲ. ಎದೆ ಹಗುರಾಗಿ ಎರಡು ಮುದ್ದೆ ಉಂಡೆ.

ಬೆಳಿಗ್ಗೆ ಪೊಟ್ಟಣ ಜಗಲಿಯ ಮೇಲೇ ಇತ್ತು, ಅರ್ಧ ಖಾಲಿಯಾಗಿ. ಪಾದ್ರಿಗಳು ಹಿತ್ತಲಲ್ಲಿ ಬಾಯಿ ಮುಕ್ಕಳಿಸಿ, ಬೂದಿ ಹಾಕಿ ಕೈ ತಿಕ್ಕಿ ತೊಳೆಯುತ್ತಿದ್ದರು. ನಾನೂ ಉಪದೇಶ ಮಾಡಲಿಲ್ಲ.